₹12,000ಕ್ಕೆ ಒಂದು ಹಳೆ ಕಂಪ್ಯೂಟರ್: ಎಸ್‌ಪಿ ರೋಡಿನಿಂದ ಅಕ್ಕನ ಮನೆಯವರೆಗೆ

ಅಕ್ಕನ ಮಗಳು ಈ ವರ್ಷ ತಿಪಟೂರಿನಲ್ಲಿ ಬಿಸಿಎಗೆ ಸೇರಿದಳು. ಕಾಲೇಜಿನ ಲ್ಯಾಬ್ ಬಿಟ್ಟರೆ ಅವಳಿಗೆ ಕಂಪ್ಯೂಟರ್ ಇಲ್ಲ. ಸಿ ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಬರೆದು, ಫೋನಿನ ಪುಟ್ಟ ಕೀಬೋರ್ಡಿನಲ್ಲಿ ಕುಟ್ಟಿ ನೋಡುತ್ತಿದ್ದಳು. ಅಕ್ಕ ಚೀಟಿ ಎತ್ತಿದ ದುಡ್ಡಿನಲ್ಲಿ ₹12,000 ತೆಗೆದಿಟ್ಟು, "ಇಷ್ಟರಲ್ಲಿ ಏನಾದ್ರೂ ಆಗುತ್ತೇನೋ ನೋಡೋ" ಅಂದಳು. ಮಾನಿಟರ್, ಕೀಬೋರ್ಡ್ ಎಲ್ಲ ಸೇರಿ ಅಷ್ಟರಲ್ಲೇ ಆಗಬೇಕಿತ್ತು.

ಕೆಲಸ ಮುಗಿದು ಎರಡು ವಾರವಾಯಿತು. ಮಾಡಿದ್ದನ್ನೂ ಕೆಡಿಸಿದ್ದನ್ನೂ ಖರ್ಚಿನ ಸಮೇತ ಬರೆದಿಡುತ್ತಿದ್ದೇನೆ. ಇಂಥದೇ ದುಡ್ಡು ಕೈಯಲ್ಲಿ ಹಿಡಿದುಕೊಂಡು ಹೊರಟವರಿಗೆ ಉಪಯೋಗಕ್ಕೆ ಬರಲಿ.

ನವೆಂಬರ್ 1, 2025: ಏನು ಕೊಳ್ಳಬೇಕು

ರಾಜ್ಯೋತ್ಸವದ ರಜೆ. ಮನೆಯಲ್ಲೇ ಕೂತು ಲೆಕ್ಕ ಹಾಕಿದೆ. ಈ ಬೆಲೆಗೆ ಸಿಗುವ ಹಳೆ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಸತ್ತಿರುತ್ತದೆ, ಹಿಂಜ್ ಸಡಿಲವಾಗಿರುತ್ತದೆ. ಅದನ್ನು ಸರಿಮಾಡಿಸಲು ಮತ್ತೆ ಮೂರು ಸಾವಿರ ಬೇಕು. ಹಾಗಾಗಿ ಡೆಸ್ಕ್‌ಟಾಪೇ ಸರಿ ಅನ್ನಿಸಿತು.

ಡೆಸ್ಕ್‌ಟಾಪ್‌ಗಳು ಈಗ ಅಗ್ಗವಾಗಿರುವುದಕ್ಕೂ ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಮೆಷಿನ್‌ಗಳನ್ನು ಆಫೀಸುಗಳು ಹೊರಗೆ ಹಾಕುತ್ತಿವೆ. ನಾವು ಹಾಕುವುದು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್, ಆದ್ದರಿಂದ ಆ ನಿಯಮ ನಮ್ಮನ್ನು ತಡೆಯುವುದಿಲ್ಲ. ಸಿ, ಪೈಥಾನ್, ಮುಂದೆ ಜಾವಾ ಕಲಿಯುವವಳಿಗೆ ಲಿನಕ್ಸ್ ಒಳ್ಳೆಯದೇ.

ತೀರ್ಮಾನ: 4ನೇ ತಲೆಮಾರಿನ ಐ5, ದೊಡ್ಡ ಕಂಪನಿಯ ಆಫೀಸ್ ಮಾಡೆಲ್, ಸಣ್ಣ ಕ್ಯಾಬಿನೆಟ್.

ನವೆಂಬರ್ 8, ಶನಿವಾರ: ಎಸ್‌ಪಿ ರೋಡ್

ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಬೀದಿ ಇದು. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದೆ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ, ಶನಿವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಹನ್ನೊಂದು ಗಂಟೆಗೇ ಹೋದರೆ ಅಂಗಡಿಯವರು ನಿಂತು ಮಾತಾಡುತ್ತಾರೆ, ಮೆಷಿನ್ ಆನ್ ಮಾಡಿ ತೋರಿಸುವ ವ್ಯವಧಾನ ಇರುತ್ತದೆ.

ಮೊದಲ ಅಂಗಡಿಯಲ್ಲಿ "ಐ5, 8 ಜಿಬಿ, ನಾಲ್ಕೂವರೆ ಸಾವಿರ" ಅಂದರು. ಕೈ ಜೇಬಿಗೇ ಹೋಗಿತ್ತು. ಆನ್ ಮಾಡಿಸಿ ನೋಡಿದರೆ ಐ5-650. ಅದು 2010ರದ್ದು, ಮೊದಲ ತಲೆಮಾರು, ಎರಡೇ ಕೋರ್. ಹೊರಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಐ5 ಅಂತಷ್ಟೇ ಇತ್ತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾನು ಪೂರ್ತಿ ನಂಬರ್ ಕೇಳಿರಲಿಲ್ಲ, ಅಷ್ಟೆ. ಡ್ಯಾಶ್ ಆದಮೇಲೆ ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ತಲೆಮಾರು. ಮೂರೇ ಅಂಕಿ ಇದ್ದರೆ ಅದು ಮೊದಲ ತಲೆಮಾರು, ಬಿಟ್ಟುಬಿಡಿ.

ಮೂರನೇ ಅಂಗಡಿಯಲ್ಲಿ ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1 ಸಿಕ್ಕಿತು. ಐ5-4590, ನಾಲ್ಕು ಕೋರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ₹5,800 ಹೇಳಿದರು. ದುಡ್ಡು ಕೊಡುವ ಮೊದಲು ಅಲ್ಲೇ ನಿಂತು ನೋಡಿದ್ದು ಇಷ್ಟು:

ಎಫ್10 ಒತ್ತಿ ಬಯೋಸ್, ಅಂದರೆ ಮೆಷಿನ್ನಿನ ಮೂಲ ಸೆಟ್ಟಿಂಗ್ ಪುಟ, ತೆರೆದೆ. ಆಫೀಸಿನಿಂದ ಬಂದ ಮೆಷಿನ್‌ಗಳಲ್ಲಿ ಹಳೆ ಪಾಸ್‌ವರ್ಡ್ ಹಾಗೇ ಉಳಿದಿರುವುದುಂಟು. ಕೇಳಲಿಲ್ಲ, ನೇರ ಒಳಗೆ ಬಿಟ್ಟಿತು.

ಎಫ್9 ಒತ್ತಿ, ನಾನೇ ಒಯ್ದಿದ್ದ ಮಿಂಟ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಡಿಸ್ಕ್ಸ್ ಅನ್ನುವ ಆ್ಯಪ್ ತೆರೆದು ಹಾರ್ಡ್ ಡಿಸ್ಕಿನ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ, ನೋಡಿದೆ. 41,216 ಗಂಟೆ ಓಡಿತ್ತು, ಅಂದರೆ ಹಗಲು ರಾತ್ರಿ ಬಿಡದೆ ಹತ್ತಿರಹತ್ತಿರ ನಾಲ್ಕೂ ಮುಕ್ಕಾಲು ವರ್ಷ. ಅದರ ಮೇಲೆ ಓದಲಾಗದೆ ಬಾಕಿ ನಿಂತ 24 ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ತುಣುಕುಗಳು. ಅಂಗಡಿಯವರಿಗೆ ಸ್ಕ್ರೀನ್ ತೋರಿಸಿದೆ. ಚೌಕಾಸಿಗೆ ಮಾತಿಗಿಂತ ಅದೇ ಕೆಲಸಕ್ಕೆ ಬಂತು, ₹5,200ಕ್ಕೆ ಇಳಿಸಿದರು. ಡಿಸ್ಕನ್ನು ಹೇಗಿದ್ದರೂ ತೆಗೆಯುವವನಿದ್ದೆ.

ಪೆನ್‌ಡ್ರೈವನ್ನು ಒಂದೊಂದೇ ಯುಎಸ್‌ಬಿ ಪೋರ್ಟಿಗೂ ಹಾಕಿ ನೋಡಿದೆ. ಮುಂಭಾಗದ ಒಂದು ಸಡಿಲ. ಉಳಿದವೆಲ್ಲ ಸರಿ. ಮೊಬೈಲ್ ಟಾರ್ಚ್ ಹಾಯಿಸಿ ಬೋರ್ಡಿನಲ್ಲಿ ಉಬ್ಬಿದ ಕೆಪಾಸಿಟರ್ ಇದೆಯೇ ಹುಡುಕಿದೆ, ಇರಲಿಲ್ಲ.

ಕೊಳ್ಳುವವರು ತಿಳಿದಿರಬೇಕಾದ ಒಂದು ಮಾತು. ಈ ಸಣ್ಣ ಕ್ಯಾಬಿನೆಟ್ಟಿಗೆ ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಕೂರುವುದಿಲ್ಲ. ಆಕಾರವೂ ಬೇರೆ, ಬೋರ್ಡಿಗೆ ಹೋಗುವ ಕನೆಕ್ಟರ್ರೂ ಬೇರೆ. ಕೆಟ್ಟರೆ ಇದೇ ಮಾಡೆಲ್ಲಿನ ಹಳೆಯದನ್ನೇ ಹುಡುಕಬೇಕು. ಅಂಗಡಿಯಲ್ಲಿ ಅಂಥವು ರಾಶಿ ಬಿದ್ದಿದ್ದವು, ಆ ಧೈರ್ಯದ ಮೇಲೆ ತೆಗೆದುಕೊಂಡೆ.

ನವೆಂಬರ್ 9: ಬಿಚ್ಚಿ ಒರೆಸಿದ್ದು

ಮುಚ್ಚಳ ತೆಗೆಯಲು ಸ್ಕ್ರೂಡ್ರೈವರ್ ಬೇಕಾಗಲಿಲ್ಲ. ಒಳಗೆ ಕೈಯಿಂದ ಎಳೆಯಬಹುದಾದ ಜಾಗಗಳಿಗೆಲ್ಲ ಹಸಿರು ಬಣ್ಣ ಇದೆ. ಸ್ಕ್ರೂಗಳ ತಲೆ ನಕ್ಷತ್ರದ ಆಕಾರ, ಆದರೆ ಅಡ್ಡ ಸೀಳೂ ಇರುವುದರಿಂದ ಚಪ್ಪಟೆ ಸ್ಕ್ರೂಡ್ರೈವರ್ ಸಾಕು.

ಬಿಚ್ಚುವ ಮೊದಲೇ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ನಾಲ್ಕೂ ಕೋರಿಗೆ ಹತ್ತು ನಿಮಿಷ ಪೂರ್ತಿ ಕೆಲಸ ಕೊಟ್ಟು ಶಾಖ ನೋಡಿದ್ದೆ: 91 ಡಿಗ್ರಿ. ಫ್ಯಾನು ಕೂಗುತ್ತಿತ್ತು.

ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ ಎತ್ತಿದೆ. ಎರಡರ ನಡುವೆ ಶಾಖ ದಾಟಿಸುವ ಹಳೆ ಥರ್ಮಲ್ ಪೇಸ್ಟು ಗೋಡೆಯ ಹಳೆ ಸುಣ್ಣದ ಹಾಗೆ ಹಕ್ಕಳೆಯಾಗಿ ಉದುರಿತು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಒಂದೇ ಹಾಳೆಯಾಗಿ ಕೂತಿತ್ತು. ಚಿಮುಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಕೈಗೆ ಬಂತು. ಪೇಂಟಿಂಗ್ ಬ್ರಷ್‌ನಲ್ಲಿ ಉಳಿದದ್ದನ್ನು ತೆಗೆದು, ಪ್ರೊಸೆಸರಿನ ಮೇಲ್ಮೈಯನ್ನು ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ, ತೊಗರಿಬೇಳೆ ಗಾತ್ರದಷ್ಟು ಹೊಸ ಪೇಸ್ಟ್ ಇಟ್ಟು ಮತ್ತೆ ಕೂರಿಸಿದೆ.

ಇಲ್ಲಿ ಒಂದು ತಪ್ಪು. ಫ್ಯಾನಿನ ವೈರ್ ಚುಚ್ಚುವುದನ್ನು ಮರೆತು ಆನ್ ಮಾಡಿದೆ. ಪುಣ್ಯಕ್ಕೆ ಮೆಷಿನ್ ತಾನೇ 511 ಅನ್ನುವ ಸಂದೇಶ ಕೊಟ್ಟಿತು, ಪ್ರೊಸೆಸರ್ ಫ್ಯಾನ್ ಕಾಣುತ್ತಿಲ್ಲ ಅಂತ. ತಕ್ಷಣ ಆಫ್ ಮಾಡಿ ಚುಚ್ಚಿದೆ. ಇನ್ನೊಂದು ಸಂದೇಶ 163, ದಿನಾಂಕ ಸಮಯ ತಪ್ಪಿದೆ ಅಂತ. ಅದು ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತ ಲಕ್ಷಣ. ಸಿಆರ್2032, ಕೈಗಡಿಯಾರ ರಿಪೇರಿ ಅಂಗಡಿಯಲ್ಲಿ ₹30. ಇದನ್ನು ಬದಲಿಸದೆ ಬಿಟ್ಟರೆ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ, ಆಮೇಲೆ ಬ್ರೌಸರು ಯಾವ ಸೈಟನ್ನೂ ಸುರಕ್ಷಿತವಲ್ಲ ಅನ್ನುತ್ತದೆ. ಎಷ್ಟೋ ಮನೆಗಳಲ್ಲಿ ಇಂಟರ್‌ನೆಟ್ ಕೆಟ್ಟಿದೆ ಅಂದುಕೊಂಡಿರುವುದು ಇದನ್ನೇ.

ಪೇಸ್ಟ್ ಆದಮೇಲೆ ಅದೇ ಹತ್ತು ನಿಮಿಷದ ಪರೀಕ್ಷೆ: 68 ಡಿಗ್ರಿ. ₹140ರ ಪೇಸ್ಟಿಗೆ 23 ಡಿಗ್ರಿ ಇಳಿಯಿತು.

ನವೆಂಬರ್ 14: ರ‍್ಯಾಮ್ ವಿಷಯದಲ್ಲಿ ಕೈಸುಟ್ಟುಕೊಂಡದ್ದು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

4 ಜಿಬಿ ಇತ್ತು, ಜತೆಗೆ 8 ಜಿಬಿ ಡಿಡಿಆರ್3 (ಈ ಬೋರ್ಡಿನ ರ‍್ಯಾಮ್ ವಿಧ) ಹಾಕೋಣ ಅಂತ. ಎಸ್‌ಪಿ ರೋಡಿನಲ್ಲಿ ಹಳೆಯದಕ್ಕೆ ₹900 ಹೇಳಿದ್ದರು. ಆನ್‌ಲೈನಿನಲ್ಲಿ ಒಬ್ಬರು ₹650ಕ್ಕೆ ಹಾಕಿದ್ದರು. ಇನ್ನೂರೈವತ್ತು ಉಳಿಯಿತು ಅಂತ ತರಿಸಿಕೊಂಡೆ. ಶುಕ್ರವಾರ ರಾತ್ರಿ ಸ್ಲಾಟಿಗೆ ಹಾಕಿದೆ, ಕಚಕ್ಕನೆ ಸರಿಯಾಗೇ ಕೂತಿತು. ಆನ್ ಮಾಡಿದರೆ ಸ್ಕ್ರೀನಿಗೆ ಏನೂ ಬರಲಿಲ್ಲ. ಪವರ್ ದೀಪ ಕೆಂಪಗೆ ಐದು ಸಲ ಮಿನುಗಿತು, ಐದು ಬೀಪ್, ಎರಡು ಸೆಕೆಂಡ್ ಬಿಟ್ಟು ಮತ್ತೆ ಐದು. ಎಚ್‌ಪಿಯ ಈ ಮೆಷಿನ್‌ಗಳಲ್ಲಿ ಐದು ಅಂದರೆ ಮೆಮೊರಿ ದೋಷ.

ಮೊದಲು ಸ್ಲಾಟೇ ಕೆಟ್ಟಿದೆ ಅಂದುಕೊಂಡೆ. ನಾಲ್ಕೂ ಸ್ಲಾಟಿನಲ್ಲಿ ಹಾಕಿ ತೆಗೆದೆ. ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ಹಳೆ 4 ಜಿಬಿ ತೆಗೆದು ಇದೊಂದನ್ನೇ ಹಾಕಿದೆ. ರಾತ್ರಿ ಹನ್ನೆರಡೂವರೆವರೆಗೂ ಅದೇ ಐದು ಬೀಪ್. ಕೊನೆಗೆ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಮೇಜಿನ ಮೇಲೆ ಇಟ್ಟು, ಅಕ್ಕನ ಮಗಳಿಗೆ ಫೋಟೊ ಕಳಿಸಿದೆ. ಅವಳು ಇನ್ನೂ ಎದ್ದಿದ್ದಳು. ಒಂದೇ ನಿಮಿಷಕ್ಕೆ ಉತ್ತರ ಬಂತು: "ಮಾಮ, ಹಳೇದರಲ್ಲಿ ಒಂದು ಸಾಲಿಗೆ ಎಂಟು ಕಪ್ಪು ಚಿಪ್ ಇದೆ, ಹೊಸದರಲ್ಲಿ ಒಂಬತ್ತಿದೆ. ನಡುವೆ ಇನ್ನೊಂದು ಬೇರೆ ಥರದ್ದೂ ಇದೆಯಲ್ಲ?"

ಸರಿಯಾಗಿ ಕಂಡುಹಿಡಿದಿದ್ದಳು. ಅದು ಸರ್ವರಿನ ರ‍್ಯಾಮ್. ಒಂಬತ್ತನೆಯ ಚಿಪ್ ತಪ್ಪು ಹಿಡಿದು ತಿದ್ದಲು, ನಡುವಿನದು ರಿಜಿಸ್ಟರ್. ಡಿಡಿಆರ್3 ಆದ್ದರಿಂದ ಸ್ಲಾಟಿಗೆ ಕೂರುತ್ತದೆ, ಆದರೆ ಮನೆ, ಆಫೀಸಿನ ಇಂಥ ಬೋರ್ಡುಗಳಲ್ಲಿ ಓಡುವುದಿಲ್ಲ. ಲೇಬಲ್ಲಿನಲ್ಲಿ 12800 ಅನ್ನುವ ಸಂಖ್ಯೆಯ ಕೊನೆಗೆ ಆರ್ ಅಕ್ಷರ ಇತ್ತು. ನಮಗೆ ಬೇಕಾದದ್ದರ ಕೊನೆಗೆ ಯು ಇರುತ್ತದೆ. ಮಾರಾಟದ ಫೋಟೊದಲ್ಲೂ ಆ ಆರ್ ಸ್ಪಷ್ಟವಾಗಿ ಕಾಣುತ್ತದೆ, ನಾನು ಬೆಲೆ ನೋಡಿದೆನೇ ಹೊರತು ಲೇಬಲ್ ಓದಲಿಲ್ಲ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ₹650 ಹೋಯಿತು. ಇದು ಅಕ್ಕನ ದುಡ್ಡಿನ ಲೆಕ್ಕಕ್ಕೆ ಬರಕೂಡದು ಅಂತ ಆವತ್ತೇ ಬೇರೆ ಬರೆದಿಟ್ಟೆ.

ಇನ್ನೊಂದು ಬಲೆಯೂ ಇದೆ. ಎಎಂಡಿ ಬೋರ್ಡುಗಳಲ್ಲಿ ಮಾತ್ರ ಓಡುವ 8 ಜಿಬಿ ಡಿಡಿಆರ್3 ಪಟ್ಟಿಗಳೂ ಕಡಿಮೆ ಬೆಲೆಗೆ ಬರುತ್ತವೆ. ಇಂಟೆಲ್ ಮೆಷಿನ್ ಇದ್ದವರು ಕೇಳಿಯೇ ಕೊಳ್ಳಬೇಕು.

ನವೆಂಬರ್ 15 ಮತ್ತು 16: ಎಸ್‌ಎಸ್‌ಡಿ, ಮಿಂಟ್

ಶನಿವಾರ ಮತ್ತೆ ಎಸ್‌ಪಿ ರೋಡ್. ಮೆಷಿನ್ನನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ₹900ರ ರ‍್ಯಾಮನ್ನು ಅಲ್ಲೇ ಹಾಕಿಸಿ, ಬಯೋಸಿನಲ್ಲಿ 12 ಜಿಬಿ ಕಂಡಮೇಲೆ ದುಡ್ಡು ಕೊಟ್ಟೆ. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ, ಅದಕ್ಕಿಂತ ವೇಗದ 256 ಜಿಬಿ ಎಸ್‌ಎಸ್‌ಡಿ ಮಾತ್ರ ಹೊಸದು, ₹1,850, ಮೂರು ವರ್ಷ ವಾರಂಟಿ. ಹಳೆ ಎಸ್‌ಎಸ್‌ಡಿ ಅರ್ಧ ಬೆಲೆಗೆ ಸಿಗುತ್ತಿತ್ತು. ಅದೆಷ್ಟು ಸವೆದಿದೆಯೋ, ಮಗುವಿನ ಓದಿನ ಕೆಲಸ ಅದರ ಮೇಲೆ ಇಡಲು ಮನಸ್ಸು ಬರಲಿಲ್ಲ. 19 ಇಂಚಿನ ಹಳೆ ಮಾನಿಟರ್ ₹1,900. ಈ ಮೆಷಿನಿನಲ್ಲಿ ಎಚ್‌ಡಿಎಂಐ ಇಲ್ಲ, ವಿಜಿಎ ಮತ್ತು ಡಿಸ್‌ಪ್ಲೇಪೋರ್ಟ್ ಇವೆ. ಮಾನಿಟರಿನಲ್ಲಿ ವಿಜಿಎ ಇದ್ದುದರಿಂದ ಬೇರೆ ಅಡಾಪ್ಟರ್ ಬೇಕಾಗಲಿಲ್ಲ. ಮಾನಿಟರ್ ಕೊಳ್ಳುವಾಗ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ ನೋಡಿ, ಸತ್ತ ಚುಕ್ಕಿ ಇದ್ದರೆ ಆಗ ಕಾಣುತ್ತದೆ.

ಭಾನುವಾರ ಹಳೆ ಡಿಸ್ಕ್ ತೆಗೆದು, ₹120ರ ಬ್ರಾಕೆಟ್ಟಿನಲ್ಲಿ ಎಸ್‌ಎಸ್‌ಡಿ ಕೂರಿಸಿದೆ. ಮಿಂಟ್ 22.2, ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ಇದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಅವಳ ಓದು ಮುಗಿಯುವವರೆಗೆ ಸಾಕು. ಎಫ್9 ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಕಡೆ ಕಾಣುತ್ತದೆ, ಯುಇಎಫ್‌ಐ (ಹೊಸ ಬೂಟ್ ವಿಧಾನ) ಅಡಿಯಲ್ಲಿ ಒಮ್ಮೆ, ಲೆಗಸಿ (ಹಳೆ ವಿಧಾನ) ಅಡಿಯಲ್ಲಿ ಒಮ್ಮೆ. ಯುಇಎಫ್‌ಐ ಅಡಿಯದನ್ನು ಆರಿಸಿದೆ. ಬಟನ್ ಒತ್ತಿದಾಗಿನಿಂದ ಡೆಸ್ಕ್‌ಟಾಪ್ ಬರುವವರೆಗೆ ಹಳೆ ಡಿಸ್ಕಿನಲ್ಲಿದ್ದ ವಿಂಡೋಸ್ 1 ನಿಮಿಷ 50 ಸೆಕೆಂಡ್ ತೆಗೆದುಕೊಂಡಿತ್ತು, ಈಗ 24 ಸೆಕೆಂಡ್.

ಕನ್ನಡ ಟೈಪಿಂಗ್ ನನಗೆ ಮುಖ್ಯವಾಗಿತ್ತು. ಅಕ್ಕ ಸ್ತ್ರೀಶಕ್ತಿ ಸಂಘದ ಲೆಕ್ಕ, ನಡಾವಳಿ ಬರೆಯುವವಳು. ಮದುವೆಗೆ ಮುಂಚೆ ಕಂಪ್ಯೂಟರ್ ಕ್ಲಾಸಿನಲ್ಲಿ ನುಡಿ ಕಲಿತಿದ್ದಳು. ಮಿಂಟಿನಲ್ಲಿ ಬೇರೆ ಬೇರೆ ಭಾಷೆಯ ಟೈಪಿಂಗಿಗೆ ಇರುವ ಐಬಸ್ ಜತೆಗೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ ಅನ್ನುವ ಕೀಲಿಮಣೆ ಸಿಗುತ್ತದೆ. ನುಡಿಯದ್ದೂ ಅದೇ ವಿನ್ಯಾಸ.

ನವೆಂಬರ್ 22, ಶನಿವಾರ: ಕ್ಯಾಬಿನೆಟ್ ಮುಟ್ಟಿದರೆ ಜುಮ್

ಮೆಜೆಸ್ಟಿಕ್ಕಿನಿಂದ ಬಸ್ಸು. ಮಾನಿಟರನ್ನು ರಗ್ಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ, ಏಳೆಂಟು ಕಿಲೋ ತೂಗುವ ಕ್ಯಾಬಿನೆಟ್ ಕಾಲ ಬಳಿ. ಊರು ಚಿಕ್ಕನಾಯಕನಹಳ್ಳಿ ಕಡೆ. ಸಂಜೆ ಕರೆಂಟಿನ ಏರಿಳಿತ ಗೊತ್ತಿದ್ದುದರಿಂದ 600 ವಿಎ ಯುಪಿಎಸ್ ₹2,350 ಕೊಟ್ಟು ತಂದಿದ್ದೆ. ಅದು ಸೋದರಮಾವನ ಉಡುಗೊರೆ.

ಎಲ್ಲ ಜೋಡಿಸಿ ಆನ್ ಮಾಡಿದೆವು. ಚೆನ್ನಾಗಿ ಬಂತು. ಮಗಳು ಮೌಸ್ ಹಿಡಿದಳು. ಅಕ್ಕ ಹಿಂದಿನಿಂದ ಬಂದು, "ಇದು ಬಿಸಿ ಆಗುತ್ತೇನೋ?" ಅನ್ನುತ್ತ ಕ್ಯಾಬಿನೆಟ್ ಮೇಲೆ ಕೈ ಇಟ್ಟವಳು ಸಟ್ಟನೆ ಹಿಂದಕ್ಕೆಳೆದುಕೊಂಡಳು. "ಜುಮ್ ಅಂತು ಕಣೋ!" ಬರಿಗಾಲು, ಸಿಮೆಂಟ್ ನೆಲ, ಆಗತಾನೆ ಒರೆಸಿದ್ದು. ನಾನು ಚಪ್ಪಲಿ ಹಾಕಿಕೊಂಡಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

ಪ್ಲಗ್ ಕಿತ್ತೆ. ಬೆಂಗಳೂರಿನಲ್ಲಿ ಎರಡು ವಾರ ಓಡಿಸಿದ್ದೇನೆ, ಒಮ್ಮೆಯೂ ಹೀಗಾಗಿರಲಿಲ್ಲ. ಮಲ್ಟಿಮೀಟರ್ ತೆಗೆದು ಗೋಡೆಯ ಸಾಕೆಟ್ ಅಳೆದೆ. ಫೇಸಿನಿಂದ ನ್ಯೂಟ್ರಲ್ಲಿಗೆ 212 ವೋಲ್ಟ್. ಫೇಸಿನಿಂದ ಅರ್ತಿಂಗ್ ತೂತಿಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಬಂದದ್ದು 31. ಸಾಕೆಟ್ ಬಿಚ್ಚಿದರೆ ಮೂರನೇ ಪಿನ್ನಿಗೆ ವೈರೇ ಇಲ್ಲ. ಮೂರು ತೂತು ಇದೆ ಅಂತ ನಾವು ಅರ್ತಿಂಗ್ ಇದೆ ಅಂದುಕೊಂಡಿರುತ್ತೇವೆ.

ಎಸ್‌ಎಂಪಿಎಸ್ ಒಳಗೆ ಫೇಸ್, ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಸಣ್ಣ ಕೆಪಾಸಿಟರ್ ಇರುತ್ತವೆ. ಅರ್ತಿಂಗ್ ಇದ್ದರೆ ಅವುಗಳಿಂದ ಸೋರುವ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟೇ ಸುಮಾರು ಅರ್ಧ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ಅಳೆದಾಗ 98 ವೋಲ್ಟ್ ಇತ್ತು. ಸೋರುವುದು ಅತ್ಯಲ್ಪ, ಆದರೆ ಮುಂದೆ ಒಳಗೆ ಯಾವುದೋ ವೈರ್ ಕ್ಯಾಬಿನೆಟ್ಟಿಗೆ ತಾಗಿದರೆ ಕಾಪಾಡಲು ಏನೂ ಇಲ್ಲ. ಆವತ್ತು ರಾತ್ರಿ ಮತ್ತೆ ಆನ್ ಮಾಡಲಿಲ್ಲ. ಮಗಳ ಮುಖ ಚಿಕ್ಕದಾಯಿತು. ನನಗೂ ನಿದ್ದೆ ಬರಲಿಲ್ಲ. ಇಪ್ಪತ್ತು ದಿನ ಮೆಷಿನ್ ಒಂದನ್ನೇ ನೋಡಿದ್ದೆ. ಅದು ಹೋಗಿ ಕೂರುವ ಮನೆಯ ಪ್ಲಗ್ ಹೇಗಿದೆ ಅಂತ ಒಂದು ಫೋನ್ ಮಾಡಿ ಕೇಳಿರಲಿಲ್ಲ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ನವೆಂಬರ್ 23: ಗುಂಡಿ

ಬೆಳಿಗ್ಗೆ ಭಾವ ಊರಿನ ಎಲೆಕ್ಟ್ರಿಷಿಯನ್ನರನ್ನು ಕರೆದುಕೊಂಡು ಬಂದರು. ಅವರು ಮನೆ ಸುತ್ತ ಒಂದು ಸುತ್ತು ಬಂದು, ಬಚ್ಚಲ ನೀರು ಹೋಗುವ ತೆಂಗಿನಮರದ ಹತ್ತಿರ ನಿಂತರು. "ಇಲ್ಲೇ ಸಾರ್, ಬೇಸಿಗೇಲೂ ತೇವ ಇರುತ್ತೆ." ಬುಡದಿಂದ ನಾಲ್ಕಡಿ ದೂರದಲ್ಲಿ ಗುಂಡಿ ತೋಡಿ, ಎರಡೂವರೆ ಮೀಟರಿನ ಜಿಐ ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಹೀಗೆ ತುಂಬಿ, ನಾಲ್ಕು ಕೊಡ ನೀರು ಸುರಿದರು. ಪೈಪಿಗೆ ಬೋಲ್ಟ್ ಹಾಕಿ ವೈರ್ ಎಳೆದು, ಮೀಟರ್ ಬೋರ್ಡಿಗೂ ಕಂಪ್ಯೂಟರಿನ ಸಾಕೆಟ್ಟಿಗೂ ಅಡುಗೆಮನೆಯ ಮಿಕ್ಸಿ ಸಾಕೆಟ್ಟಿಗೂ ಕೊಟ್ಟರು. ಪೈಪ್ ₹1,150, ಇದ್ದಿಲು ₹300, ಉಪ್ಪು ₹100, ವೈರ್ ₹350, ಕೂಲಿ ₹800. ಒಟ್ಟು ₹2,700.

ಮಧ್ಯಾಹ್ನ ಮೂರಕ್ಕೆ ಮತ್ತೆ ಅಳೆದೆವು. ಫೇಸಿನಿಂದ ಅರ್ತಿಗೆ 209, ನ್ಯೂಟ್ರಲ್ಲಿನಿಂದ ಅರ್ತಿಗೆ 2. ಆನ್ ಮಾಡಿ, ಮೀಟರಿನ ಒಂದು ಕಡ್ಡಿ ಕ್ಯಾಬಿನೆಟ್ಟಿಗೆ, ಇನ್ನೊಂದು ಒದ್ದೆ ನೆಲಕ್ಕೆ ಇಟ್ಟು ನೋಡಿದೆ, ಒಂದು ವೋಲ್ಟೂ ಇಲ್ಲ. ಆಮೇಲೆ ನಾನೇ ಮೊದಲು ಬರಿಗಾಲಲ್ಲಿ ನಿಂತು ಹಿಂಗೈಯಲ್ಲಿ ಮುಟ್ಟಿದೆ. ಅಕ್ಕ ಕೊನೆಗೆ ಮುಟ್ಟಿದಳು.

ಸಂಜೆ ಮಗಳು ಲ್ಯಾಬ್ ಪ್ರೋಗ್ರಾಮ್ ಟೈಪ್ ಮಾಡಿದರೆ ಲಿನಕ್ಸಿನ ಸಿ ಕಂಪೈಲರ್ ಜಿಸಿಸಿ ತಪ್ಪು ತೋರಿಸಿತು. ಲ್ಯಾಬಿನಲ್ಲಿ ಕಲಿಸಿದ್ದು ಟರ್ಬೊ ಸಿ ಅನ್ನುವ ಹಳೆ ಕಂಪೈಲರಿನ ಶೈಲಿ, ಕೋನಿಯೊ ಹೆಡರ್, ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಎಲ್ಲ ಇತ್ತು. ಆ ಹೆಡರ್ ಲಿನಕ್ಸಿನಲ್ಲಿ ಇಲ್ಲ. ಮೂರು ಸಾಲು ತೆಗೆಸಿದೆ, ಓಡಿತು. ಪರೀಕ್ಷೆಗೆ ಲ್ಯಾಬಿನ ರೀತಿಯೇ ಬರೆಯಬೇಕು, ಮನೆಯಲ್ಲಿ ಈ ರೀತಿ, ಎರಡನ್ನೂ ನೋಟ್‌ಬುಕ್ಕಿನ ಎದುರುಬದುರು ಪುಟದಲ್ಲಿ ಬರೆದಿಟ್ಟುಕೊಂಡಳು.

ಲೆಕ್ಕ

ಸಿಪಿಯು ₹5,200, ಮಾನಿಟರ್ ₹1,900, ಎಸ್‌ಎಸ್‌ಡಿ ₹1,850, ರ‍್ಯಾಮ್ ₹900, ಪೇಸ್ಟ್ ₹140, ಬಿಲ್ಲೆ ಬ್ಯಾಟರಿ ₹30, ಬ್ರಾಕೆಟ್ ₹120, ಕೀಬೋರ್ಡ್ ಮೌಸ್ ₹550, ವೈಫೈ ಡಾಂಗಲ್ ₹400. ಅಕ್ಕನ ದುಡ್ಡಿನಲ್ಲಿ ಆದದ್ದು ₹11,090. ಉಳಿದ ₹910 ಅರ್ತಿಂಗಿಗೆ ಹೋಯಿತು, ಅದರ ಬಾಕಿ ₹1,790 ಭಾವ ತೆಂಗಿನಕಾಯಿ ದುಡ್ಡಿನಲ್ಲಿ ಕೊಟ್ಟರು. ನನ್ನ ಕೈಯಿಂದ ಯುಪಿಎಸ್ ₹2,350, ತಪ್ಪು ರ‍್ಯಾಮ್ ₹650. ಬಸ್ ಚಾರ್ಜ್ ಬಿಟ್ಟು ಎಲ್ಲ ಸೇರಿ ₹16,790.

ಡಾಂಗಲ್ ಕೊಳ್ಳಬೇಕಾಗಿರಲಿಲ್ಲ. ಅವರ ಮನೆಯಲ್ಲಿ ಇರುವುದು ಫೋನಿನ ಇಂಟರ್‌ನೆಟ್ ಮಾತ್ರ. ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದಲೇ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಮಿಂಟ್ ತಾನಾಗಿ ಹಿಡಿಯುತ್ತದೆ, ಫೋನೂ ಚಾರ್ಜ್ ಆಗುತ್ತದೆ. ಇದನ್ನು ಮೊದಲೇ ಪರೀಕ್ಷಿಸಿದ್ದರೆ ₹400 ಉಳಿಯುತ್ತಿತ್ತು.

ಬಾಕಿ ಇರುವ ಕೆಲಸ: ಮುಂಭಾಗದ ಸಡಿಲ ಯುಎಸ್‌ಬಿ ಪೋರ್ಟಿಗೆ ಸದ್ಯ ಟೇಪ್ ಅಂಟಿಸಿದ್ದೇನೆ. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಕರೆಂಟ್ ಹೋದಾಗ ಗಡಿಯಾರ ನೋಡಿ ಬರೆದಿಡಲು ಮಗಳಿಗೆ ಹೇಳಿದ್ದೇನೆ, ಮೊದಲ ಸಲ 17 ನಿಮಿಷ ಬಂತಂತೆ. ಅರ್ತಿಂಗ್ ಗುಂಡಿಗೆ ಮಾರ್ಚ್ ಬಂದಮೇಲೆ ವಾರಕ್ಕೊಂದು ಕೊಡ ನೀರು, ಅದು ಅಕ್ಕನ ಜವಾಬ್ದಾರಿ. ಸಂಕ್ರಾಂತಿಗೆ ಹೋದಾಗ ಮೀಟರ್ ಒಯ್ದು ಮತ್ತೊಮ್ಮೆ ಅಳೆಯುತ್ತೇನೆ.